ನೋಡದ ಹನ್ನೊಂದು ಜಾಗ

ನಮ್ಮ ಕಂಪನಿಯ ಸ್ಮರಣ ಸಂಚಿಕೆಗೆ, ನಿವೃತ್ತರಾದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ಕೇಳಿದ್ದರು. ಅವರ ಬಗ್ಗೆ ನನ್ನಿಂದ ಬಂದದ್ದು ಒಂದೂವರೆ ಸಾಲು: ಶ್ರದ್ಧಾವಂತರು, ಸರಳರು, ಎಲ್ಲರಿಗೂ ಬೇಕಾದವರು. ಓದಿ ನೋಡಿದೆ. ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು. ಹೊಡೆದುಹಾಕಿದೆ. ಸಂಚಿಕೆಯಲ್ಲಿ ಅವರ ಫೋಟೋ ಮಾತ್ರ ಬಂತು, ಅದೂ ಹೆಲ್ಮೆಟ್ಟಿನ ನೆರಳು ಅರ್ಧ ಮುಖ ನುಂಗಿದ ಫೋಟೋ.

ಸಂಚಿಕೆಗಲ್ಲದಿದ್ದರೂ ಬರೆಯುತ್ತೇನೆ ಎಂದು ಅವರಿಗೇ ಫೋನ್ ಮಾಡಿ ಹೇಳಿದೆ.

"ಬರೆಯಿರಿ. ಹೆಸರು ಮಾತ್ರ ಬೇಡ" ಎಂದರು.

"ಯಾಕೆ?"

"ಬೆಂಗ್ರೆಯಲ್ಲಿ ನನ್ನ ಹೆಸರಿನವರು ನಾಲ್ಕು ಜನ ಇದ್ದೇವೆ. ನಾಲ್ಕೂ ಜನ ಅದು ನಾನೇ ಅಂತ ಹೇಳಿಕೊಂಡು ತಿರುಗಿದರೆ ಎಂತ ಮಾಡುವುದು?"

ಹಾಗಾಗಿ ಅವರು ಇಲ್ಲಿ ಅಣ್ಣ. ಪ್ಲಾಂಟಿನಲ್ಲೂ ಅವರನ್ನು ಹಾಗೇ ಕರೆಯುತ್ತಿದ್ದದ್ದು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ "ಸರ್" ಎಂದಾಗ, ಮ್ಯಾನೇಜರರ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿ, "ಸರ್ ಅಲ್ಲಿ ಏಸಿಯಲ್ಲಿ ಇದ್ದಾರೆ. ನಾನು ಅಣ್ಣ" ಎಂದಿದ್ದರು. ಹಾಗೆಂದು ನೆನಪು. ಡೈರಿಯಲ್ಲಿ ಆ ದಿನದ ಪುಟದಲ್ಲಿ ಹೆಲ್ಮೆಟ್ ದೊಡ್ಡದಾಯಿತೆಂಬ ದೂರು ಮಾತ್ರ ಇದೆ. ಡೈರಿಯಲ್ಲಿ ಇಲ್ಲದ್ದನ್ನು ಬರೆಯುವಾಗ ನನಗೆ ಸ್ವಲ್ಪ ಹೆದರಿಕೆ. ಒಂದೇ ಕಥೆಯನ್ನು ನಾಲ್ಕು ಸಲ ಹೇಳಿದರೆ ಐದನೆಯ ಸಲ ಅದು ನಡೆದದ್ದೇ ಹಾಗೆ ಅನ್ನಿಸಿಬಿಡುತ್ತದೆ.

ನಮ್ಮದು ಬಂದರಿನ ಹತ್ತಿರದ ಮೀನು ಶೀತಲೀಕರಣದ ಕಾರ್ಖಾನೆ. ದೋಣಿಯಿಂದ ಬಂದ ಮೀನನ್ನು ತೊಳೆದು, ಹೆಪ್ಪುಗಟ್ಟಿಸಿ, ಪೆಟ್ಟಿಗೆ ತುಂಬಿ ಕಳಿಸುವುದು. ತಂಪು ಮಾಡಲು ಅಮೋನಿಯ ಗ್ಯಾಸು. ಈ ಗ್ಯಾಸು, ನೀರು, ಮೋಟಾರು, ಉಷ್ಣತೆ ಎಲ್ಲವನ್ನೂ ಕಾಯುವ ಸಣ್ಣಪುಟ್ಟ ಯಂತ್ರಗಳು ಪ್ಲಾಂಟಿನ ತುಂಬ ಇವೆ. ನಾನು ಸೇರಿದಾಗ ಇನ್ನೂರಕ್ಕೆ ಸ್ವಲ್ಪ ಹೆಚ್ಚಿದ್ದವು. ಎಲ್ಲವೂ ಒಂದೇ ನೆಟ್‌ವರ್ಕಿಗೆ ಸೇರಿವೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ನಂಬರು, ಒಂದು ಜಾಗ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಅವೆಲ್ಲ ಹಸಿರು ಚುಕ್ಕಿಗಳಾಗಿ ಕಾಣುತ್ತವೆ. ಆ ಚುಕ್ಕಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಚುಕ್ಕಿಯ ಹಿಂದಿನ ನಿಜವಾದ ಯಂತ್ರವನ್ನು ನೋಡಿಕೊಳ್ಳುವುದು ಅಣ್ಣನ ಕೆಲಸ. ನಾನು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮಾಡಿ ಬಂದವಳು. ಅವರು ಐಟಿಐ ಮುಗಿಸಿ ಬಂದವರು. ಈ ವ್ಯತ್ಯಾಸ ಅವರಿಗೆ ಎಂದೂ ತೊಂದರೆ ಕೊಡಲಿಲ್ಲ. ನನಗೆ ಕೊಟ್ಟಿತು, ಸುಮಾರು ಒಂದು ವರ್ಷ.

ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು, ಅಣ್ಣ ಲಿಸ್ಟ್ ಹಿಡಿದು ಇಡೀ ಪ್ಲಾಂಟ್ ಸುತ್ತುತ್ತಿದ್ದರು. ಹೆಗಲಿಗೊಂದು ಬಟ್ಟೆಯ ಚೀಲ, ಅದರಲ್ಲಿ ಟಾರ್ಚು, ಒರಸುವ ಬಟ್ಟೆ, ನೀಲಿ ನೈಲಾನ್ ನೂಲಿನ ಉಂಡೆ. ಬಲೆ ಕಟ್ಟುವ ನೂಲು ಅದು. ನದಿಯಾಚೆ ಬೆಂಗ್ರೆಯ ಅವರ ಮನೆಯಲ್ಲಿ ಅಣ್ಣ ತಮ್ಮಂದಿರೆಲ್ಲ ಕಡಲಿಗೆ ಹೋಗುವವರು, ಇವರೊಬ್ಬರು ಮಾತ್ರ ದೋಣಿಯಲ್ಲಿ ಈಚೆ ದಡಕ್ಕೆ ಬಂದು ಬೂಟು ಹಾಕುವವರು. ಪ್ರತಿ ಯಂತ್ರದ ವಯರಿಗೆ ಒಂದು ತುಂಡು ನೂಲು ಕಟ್ಟಿದ್ದರು. ಹತ್ತಿರ ಹೋಗಿ ಮುಟ್ಟಿ ನೋಡಿದ ವರ್ಷಕ್ಕೆ ಒಂದು ಗಂಟು.

ನಾನು ಬಂದವಳೇ ಬಾರ್‌ಕೋಡಿನ ಸ್ಟಿಕ್ಕರ್ ತರಿಸಿದೆ. ಅಣ್ಣ ಬೇಡ ಎನ್ನಲಿಲ್ಲ. ತಾವೇ ನನ್ನ ಜೊತೆ ನಿಂತು ಅಂಟಿಸಿದರು. ಉಪ್ಪುಗಾಳಿ, ದಿನಕ್ಕೆ ಮೂರು ಸಲ ನೆಲ ಗೋಡೆ ತೊಳೆಯುವ ನೀರು. ಎರಡು ತಿಂಗಳಲ್ಲಿ ಸ್ಟಿಕ್ಕರ್‌ಗಳು ಮೀನಿನ ಪೊರೆಯ ಹಾಗೆ ಎದ್ದು ಚರಂಡಿ ಸೇರಿದವು. ಅಣ್ಣ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಸಾಫ್ಟ್‌ವೇರಿನಲ್ಲಿ ಒಂದು ಸೌಕರ್ಯ ಉಂಟು. ಪರದೆಯಲ್ಲಿ ಒಂದು ಹೆಸರನ್ನು ಆರಿಸಿ ಒತ್ತಿದರೆ, ಆ ಹೆಸರಿನ ಯಂತ್ರದ ಸಣ್ಣ ದೀಪ ಮಿನುಗುತ್ತದೆ. ಇದನ್ನು ನಾನು ತೋರಿಸಿಕೊಟ್ಟ ದಿನ ಅಣ್ಣನಿಗಾದ ಸಂತೋಷ ಅಷ್ಟಿಷ್ಟಲ್ಲ. ಅವರು ಅದಕ್ಕೆ ಇಟ್ಟ ಹೆಸರು, ಕಣ್ಣು ಹೊಡೆಸುವುದು. ನಾನು ಪರದೆಯ ಎದುರು, ಅವರು ಯಂತ್ರದ ಎದುರು, ನಡುವೆ ಫೋನು. "ಹೊಡೆಸಿ." "ಹೊಡೆಯಿತಾ?" "ಹೊಡೆಯಿತು, ಎರಡು ಸಲ." ಒಮ್ಮೆ ಮಣ್ಣಗುಡ್ಡದಿಂದ ಬಸ್ಸಿನಲ್ಲಿ ಬರುವಾಗ ಫೋನಿನಲ್ಲಿ ಅವರಿಗೆ, "ನಿನ್ನೆ ಏಳು ಜನ ಕಣ್ಣು ಹೊಡೆದರು ಅಣ್ಣ, ಒಬ್ಬ ಮಾತ್ರ ಎಷ್ಟು ಮಾಡಿದರೂ ಹೊಡೆಯಲಿಲ್ಲ" ಎಂದು ಹೇಳುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ನಮ್ಮ ಮನೆಗೆ ಅಣ್ಣ ಬಂದದ್ದು ಒಂದೇ ಸಲ, ಕ್ರಿಸ್ಮಸ್ ಕಳೆದ ಮರುವಾರ. ತಿಂಡಿ ತಿನ್ನುತ್ತಾ ಮೀಟರಿನ ಹತ್ತಿರದ ಸ್ವಿಚ್ ಬೋರ್ಡ್ ನೋಡಿದರು. ಯಾವ ಸ್ವಿಚ್ ಯಾವ ಕೋಣೆಗೆ ಎಂದು ಅಪ್ಪ ತಮ್ಮ ಕಾಲದಲ್ಲಿ ಬರೆದಿಟ್ಟ ಚೀಟಿ ಅಲ್ಲಿತ್ತು. "ಸರಿ ಉಂಟಾ ನೋಡುವ" ಎಂದರು. ಅಮ್ಮನನ್ನು ಒಂದೊಂದೇ ಕೋಣೆಗೆ ಓಡಿಸಿದರು. ಅಮ್ಮ ಕೊಂಕಣಿಯಲ್ಲಿ ಗೊಣಗುತ್ತಾ ಓಡಿದರು. ಅಡುಗೆಮನೆ ಎಂದು ಬರೆದದ್ದು ದೇವರ ಫೋಟೋದ ದೀಪದ್ದು, ದೀಪ ಎಂದು ಬರೆದದ್ದು ಅಡುಗೆಮನೆಯದ್ದು. "ಇಪ್ಪತ್ತು ವರ್ಷ ಸುಳ್ಳು ಚೀಟಿ ನಂಬಿದೆವಲ್ಲ" ಎಂದು ಅಮ್ಮ ಕನ್ನಡದಲ್ಲಿ ಹೇಳಿದರು. ಅಣ್ಣ, "ಚೀಟಿ ಸುಳ್ಳು ಹೇಳಲಿಲ್ಲ ಬಾಯಮ್ಮ. ಯಾರೂ ಕೇಳಲಿಲ್ಲ, ಅಷ್ಟೆ" ಎಂದರು.

ಈಗ ಮುಖ್ಯ ವಿಷಯ.

ಅಣ್ಣನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಪ್ಲಾಂಟಿನ ಹಿಂದೆ ಹೊಸ ಕೋಲ್ಡ್ ರೂಮು ಕಟ್ಟುವುದೆಂದು ತೀರ್ಮಾನವಾಗಿತ್ತು. ಅದರ ವಯರಿಂಗ್, ನೆಟ್‌ವರ್ಕ್ ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ತಾನೇ ಎಳೆಯಬೇಕೆಂದು ಅವರಿಗೆ ಬಹಳ ಆಸೆ. ಹಳೆಯ ಪ್ಲಾಂಟಿನಲ್ಲಿ ಬೇರೆಯವರು ಎಳೆದದ್ದನ್ನು ಸರಿಮಾಡುವುದರಲ್ಲೇ ಆಯುಷ್ಯ ಹೋಯಿತು ಎನ್ನುತ್ತಿದ್ದರು. ಎರಡು ವರ್ಷ ಮುಂದುವರಿಸಬೇಕೆಂದು ಅರ್ಜಿ ಹಾಕಿದ್ದರು. ಮ್ಯಾನೇಜರರು ಶಿಫಾರಸು ಮಾಡಿದ್ದರು. ಸುಮ್ಮನೆ ಕೂತಾಗ ಲಿಸ್ಟಿನ ಹಿಂಬದಿಯಲ್ಲಿ ಆ ಕೋಣೆಯ ನಕ್ಷೆ ಬಿಡಿಸುತ್ತಿದ್ದರು.

ಅದೇ ಸಮಯಕ್ಕೆ ಕದ್ರಿಯ ಮುಖ್ಯ ಕಚೇರಿಯಿಂದ ಪತ್ರ ಬಂತು. ನೆಟ್‌ವರ್ಕಿನಲ್ಲಿ ಏನೇನು ಉಂಟು, ಯಾವುದು ಎಲ್ಲಿ ಉಂಟು ಎಂದು ಪರಿಶೀಲಿಸಿ, ಸಹಿ ಮಾಡಿ, ಹತ್ತು ದಿನದಲ್ಲಿ ಕಳಿಸಬೇಕು. ನಾನು ಕಾಲು ಗಂಟೆಯಲ್ಲಿ ಮುಗಿಸಿದೆ. ಕಂಪ್ಯೂಟರಿನಿಂದ ಎಲ್ಲವನ್ನೂ ಕೂಗಿಸಿದೆ, ಎಲ್ಲವೂ ಓಗೊಟ್ಟವು. ಲಿಸ್ಟಿನ ಹೆಸರುಗಳೂ ಬಂದ ಹೆಸರುಗಳೂ ಒಂದೇ. ಪ್ರಿಂಟ್ ತೆಗೆದು ಅಣ್ಣನ ಮುಂದೆ ಇಟ್ಟೆ.

ಕನ್ನಡಕ ಹಾಕಿ ನೋಡಿದರು. "ಇದು ಹಾಜರಿ" ಎಂದರು.

"ಮತ್ತೆ? ಹಾಜರಿಯೇ ಕೇಳಿದ್ದು."

"ಶಾಲೆಯಲ್ಲಿ ಹೆಸರು ಕೂಗಿದರೆ ಯಾರು ಬೇಕಾದರೂ ಯೆಸ್ ಸರ್ ಅಂತಾರೆ ಮಾರಾಯ್ತಿ. ಯಾವ ಬೆಂಚಿನಿಂದ ಅಂದದ್ದು ಅಂತ ಮಾಷ್ಟ್ರು ತಲೆ ಎತ್ತಿ ನೋಡಬೇಕಲ್ಲ."

"ನೀವು ಪ್ರತಿ ವರ್ಷ ನೋಡ್ತೀರಲ್ಲ ಅಣ್ಣ. ಒಂಬತ್ತು ವರ್ಷದ ಟಿಕ್ ಉಂಟು."

ಅವರು ಕನ್ನಡಕ ತೆಗೆದು, ಒರಸಿ, ಮತ್ತೆ ಹಾಕಿದರು. "ಈ ಸಲ ಎಲ್ಲವನ್ನೂ ಕಣ್ಣು ಹೊಡೆಸುವ. ಮೇಲಿನದ್ದನ್ನೂ" ಎಂದರು. ಆ ಕೊನೆಯ ಮಾತು ನನಗೆ ಆಗ ಅರ್ಥವಾಗಿರಲಿಲ್ಲ.

ಮೂರನೆಯ ದಿನ ಕಂಪ್ರೆಸರ್ ಕೋಣೆಯ ಅಮೋನಿಯ ಸೆನ್ಸರಿಗೆ ಬಂದೆವು. ಗ್ಯಾಸು ಸೋರಿದರೆ ಮೂಸಿ ಹೇಳುವ ಯಂತ್ರ ಅದು. ಗ್ಯಾಸು ಮೇಲಕ್ಕೆ ಏರುವುದರಿಂದ ಅದನ್ನು ಚಾವಣಿಯ ಹತ್ತಿರ ಕೂರಿಸಿರುತ್ತಾರೆ. ಅಂಥ ಇನ್ನೊಂದು, ಹೆಂಗಸರು ಮೀನು ಪೆಟ್ಟಿಗೆ ತುಂಬುವ ಪ್ಯಾಕಿಂಗ್ ಹಾಲಿನಲ್ಲಿ ಉಂಟು. ಅಣ್ಣ ಏಣಿ ಹತ್ತಿದರು. ಒಂದೊಂದು ಮೆಟ್ಟಿಲಿಗೂ ನಿಂತರು ಎಂದು ಆಮೇಲೆ ಕೇಳಿದೆ. ಕೆಲವು ವರ್ಷಗಳಿಂದ ಅವರಿಗೆ ಮೊಣಕಾಲಿನ ಗಂಟಿನ ನೋವು. ನಾನು ಕಂಟ್ರೋಲ್ ರೂಮಿನಲ್ಲಿದ್ದೆ.

"ಹೊಡೆಸಿ."

ಒತ್ತಿದೆ. "ಹೊಡೆಯಿತಾ?"

"ಇಲ್ಲ."

"ಪರದೆಯಲ್ಲಿ ಸರಿ ಉಂಟಲ್ಲ ಅಣ್ಣ. ಹಸಿರು."

"ಅಲ್ಲಿ ಹಸಿರು ಇರಲಿ. ಇಲ್ಲಿ ನನ್ನ ಮೂಗಿನ ಎದುರು ಕತ್ತಲೆ."

ಮತ್ತೆ ಒತ್ತಿದೆ. ಅಷ್ಟರಲ್ಲಿ ಪ್ಯಾಕಿಂಗ್ ಹಾಲಿನ ಮೇಲ್ವಿಚಾರಕಿ ಗ್ಲೌಸು ಹಾಕಿದ ಕೈಯಲ್ಲೇ ಬಾಗಿಲು ತಳ್ಳಿ ಒಳಗೆ ಬಂದರು. ಬೆಂಗ್ರೆಯವರು, ದಿನಾ ಅಣ್ಣ ಬರುವ ದೋಣಿಯಲ್ಲೇ ಬರುವವರು. "ಮೇಡಂ, ನಮ್ಮ ಹಾಲಿನ ಮೂಲೆಯಲ್ಲಿ ಮೇಲೆ ಎಂತದೋ ಮಿಣಮಿಣ ಆಗ್ತಾ ಉಂಟು. ಶಾಕ್ ಎಲ್ಲ ಹೊಡೀಲಿಕ್ಕಿಲ್ಲ ಅಲ್ಲ?"

ಎರಡೂ ಸೆನ್ಸರುಗಳು ಅದಲುಬದಲಾಗಿದ್ದವು. ಮೂರು ವರ್ಷದ ಹಿಂದೆ ಹೊರಗಿನ ಕಾಂಟ್ರಾಕ್ಟರ್ ಒಬ್ಬ ಎರಡನ್ನೂ ಬಿಚ್ಚಿ ಸ್ವಚ್ಛಮಾಡಿ, ಇದರ ಜಾಗದಲ್ಲಿ ಅದನ್ನು ಕೂರಿಸಿ ಹೋಗಿದ್ದ. ಹೆಸರು ಯಂತ್ರದ ಹೊಟ್ಟೆಯೊಳಗೆ ಇರುವುದರಿಂದ ಪರದೆಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಗ್ಯಾಸು ಸೋರಿದರೆ ಸೈರನ್ ಆಗಿ, ಯಾವ ಜಾಗದಲ್ಲಿ ಎಂದು ಸ್ಪೀಕರಿನಲ್ಲಿ ಕೇಳುತ್ತದೆ. ಆ ಜಾಗ ಬಿಟ್ಟು ಬೇರೆ ಬಾಗಿಲಿನ ಕಡೆ ಓಡಬೇಕು, ಹಾಲಿನಲ್ಲೇ ಸೋರಿದರೆ ಕಂಪ್ರೆಸರ್ ಕೋಣೆಯ ಕಡೆಯ ಬಾಗಿಲಿಗೆ, ಎಂದು ಹೆಂಗಸರಿಗೆ ಕಲಿಸಿದವರೇ ಅಣ್ಣ. ಕಂಪ್ರೆಸರ್ ಕೋಣೆಯಲ್ಲಿ ಸೋರಿದ್ದರೆ ಸ್ಪೀಕರು ಪ್ಯಾಕಿಂಗ್ ಹಾಲು ಎನ್ನುತ್ತಿತ್ತು. ಹಾಲಿನ ಅಷ್ಟೂ ಹೆಂಗಸರು ಕಂಪ್ರೆಸರ್ ಕೋಣೆಯ ಕಡೆಯ ಬಾಗಿಲಿಗೆ, ಅಂದರೆ ಗ್ಯಾಸಿನ ಎದುರಿಗೆ, ಓಡುತ್ತಿದ್ದರು. ಮೂರು ವರ್ಷದಲ್ಲಿ ಒಮ್ಮೆಯೂ ಸೋರದಿದ್ದದ್ದು ನಮ್ಮ ಪುಣ್ಯ.

ನಾನು ಓಡಿ ಕಂಪ್ರೆಸರ್ ಕೋಣೆಗೆ ಹೋದಾಗ ಅಣ್ಣ ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಕೂತಿದ್ದರು. "ಹತ್ತಿ ನೋಡಿ. ಗಂಟು ಎಣಿಸಿ" ಎಂದರು. ಹತ್ತಿದೆ. ನೂಲಿಗೆ ದೂಳು ಹಿಡಿದಿತ್ತು.

"ಎಷ್ಟು?"

"ಆರು."

"ಲಿಸ್ಟಿನಲ್ಲಿ?"

"ಒಂಬತ್ತು."

ಇಳಿದು ಬಂದೆ. ಅವರು ನೆಲ ನೋಡುತ್ತಾ ಹೇಳಿದರು. ಮೊಣಗಂಟು ಹೋದ ಮೇಲೆ ಮೂರು ವರ್ಷದಿಂದ ಏಣಿ ಬೇಕಾದ ಜಾಗಕ್ಕೆ ಹತ್ತಿಲ್ಲ. ಕೆಳಗಿನಿಂದ ಟಾರ್ಚು ಬಿಟ್ಟು, ಯಂತ್ರ ಕಂಡರೆ ಟಿಕ್ ಹಾಕಿದ್ದು. ಬೇರೆಯವರನ್ನು ಹತ್ತಿಸಬಹುದಿತ್ತು, ಆದರೆ ಅಣ್ಣನಿಗೆ ಹತ್ತಲಿಕ್ಕೆ ಆಗುವುದಿಲ್ಲ ಎಂದು ಜನ ಹೇಳುವುದು ಬೇಡವಾಗಿತ್ತು. ಅಂಥ ಜಾಗ ಒಟ್ಟು ಹನ್ನೊಂದು.

"ಹಾಗಾದರೆ ಗಂಟನ್ನೂ ಯಾರ ಹತ್ತಿರವಾದರೂ ಹಾಕಿಸಬಹುದಿತ್ತಲ್ಲ" ಎಂದೆ. ನಾನು ಕೇಳಬಾರದಿತ್ತೋ ಏನೋ.

"ಅದು ಹೇಗೆ? ಟಿಕ್ ಆಫೀಸಿಗೆ. ಗಂಟು ನನಗೆ."

ಆ ದಿನವೇ ಎರಡನ್ನೂ ಅವುಗಳ ಜಾಗಕ್ಕೆ ಹಾಕಿದೆವು. ಅಮೋನಿಯ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಹತ್ತಿರ ಹಿಡಿದು, ಸ್ಪೀಕರು ಸರಿಯಾದ ಹೆಸರು ಕೂಗುವವರೆಗೆ ಬಿಡಲಿಲ್ಲ. ಉಳಿದ ಒಂಬತ್ತು ಜಾಗಕ್ಕೂ ಹತ್ತಿದೆವು. ಅವೆಲ್ಲ ಸರಿ ಇದ್ದವು.

ಇಲ್ಲಿ ನನ್ನ ನೆನಪಿನ ಒಂದು ಆಟ ಹೇಳಬೇಕು. ತಪ್ಪನ್ನು ಕಾಂಟ್ರಾಕ್ಟರನ ತಲೆಗೆ ಹಾಕಿ ವರದಿ ಬರೆಯುವ ಎಂದು ಅಣ್ಣನಿಗೆ ಹೇಳಿದ್ದು ಮ್ಯಾನೇಜರರು ಎಂದೇ ನಾನು ಈವರೆಗೆ ಹಲವರ ಹತ್ತಿರ ಹೇಳಿದ್ದೇನೆ. ಇದನ್ನು ಬರೆಯುವ ಮೊದಲು ಡೈರಿ ತೆಗೆದೆ. "ಎರಡು ಸೆನ್ಸರ್ ಅದಲುಬದಲು, ಸರಿ ಮಾಡಿದೆವು. ಮಧ್ಯಾಹ್ನ ಊಟಕ್ಕೆ ಬಂಗುಡೆ" ಎಂದಿತ್ತು. ಅಷ್ಟೆ. ಅಣ್ಣನನ್ನೇ ಫೋನಿನಲ್ಲಿ ಕೇಳಿದೆ.

"ನೀವೇ ಅಲ್ವಾ ಹೇಳಿದ್ದು" ಎಂದರು, ಸ್ವಲ್ಪವೂ ಯೋಚಿಸದೆ. "ಮ್ಯಾನೇಜರಿಗೆ ಗೊತ್ತಾದದ್ದು ಮರುದಿನ. ಪಾಪ, ಅವರ ಮೇಲೆ ಹಾಕಬೇಡಿ."

ಹೌದು, ನಾನೇ. ಕೇಳಿದ ಮೇಲೆ ನನ್ನ ಧ್ವನಿಯೂ ನೆನಪಾಯಿತು, ಅಥವಾ ನೆನಪಾದಂತೆ ಅನ್ನಿಸಿತು. ಅಣ್ಣ ಕೊಟ್ಟ ಉತ್ತರ ಮಾತ್ರ ಆಗಲೂ ಈಗಲೂ ಒಂದೇ: "ಅವನು ತಪ್ಪು ಮಾಡಿದ್ದು ಒಂದು ದಿನ. ನಾನು ನೋಡದ್ದು ಮೂರು ವರ್ಷ."

ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಅಣ್ಣ ಪ್ಯಾಕಿಂಗ್ ಹಾಲಿಗೆ ಹೋಗಿ, ಹೆಂಗಸರ ಎದುರು ನಿಂತು ನಡೆದದ್ದನ್ನು ಹೇಳಿದರು. ಅಲ್ಲಿ ಹೇಳುವ ಅಗತ್ಯ ಯಾರೂ ಕಂಡಿರಲಿಲ್ಲ. ಮೇಲ್ವಿಚಾರಕಿ ಲೋಟ ಕೆಳಗಿಟ್ಟು, "ಅಂದರೆ ಅಣ್ಣ, ದಿನಾ ದೋಣಿಯಲ್ಲಿ ನಮಗೆ ಜಾಗ ಬಿಟ್ಟುಕೊಟ್ಟು, ಇಲ್ಲಿ ಗ್ಯಾಸಿನ ಬಾಯಿಗೆ ಕಳಿಸುವ ಅಂದಾಜು ಇತ್ತು" ಎಂದರು. ನಕ್ಕರು ಎಲ್ಲರೂ. ಅಣ್ಣ ನಗಲಿಲ್ಲ. ನಗು ನಿಂತ ಮೇಲೆ ಆಕೆಯೇ ತಗ್ಗಿದ ದನಿಯಲ್ಲಿ, "ಹೇಳದಿದ್ದರೆ ನಮಗೆ ಗೊತ್ತಾಗ್ತಿರಲಿಲ್ಲ" ಎಂದರು. "ಅದಕ್ಕೇ ಹೇಳಿದ್ದು" ಎಂದರು ಅಣ್ಣ.

ಅಲ್ಲಿಂದ ನೇರ ಮ್ಯಾನೇಜರರ ಕೋಣೆಗೆ ಹೋದೆವು. ಅಣ್ಣ ಒಂದು ಪುಟದ ಪತ್ರ ಬರೆದು ತಂದಿದ್ದರು, ಕನ್ನಡದಲ್ಲಿ, ಹನ್ನೊಂದು ಜಾಗದ ಹೆಸರಿನೊಂದಿಗೆ. ವರದಿಯ ಜೊತೆ ಕದ್ರಿಗೆ ಹೋಗಬೇಕು ಎಂದರು. ಮ್ಯಾನೇಜರರು ಅಣ್ಣನಿಗಿಂತ ಇಪ್ಪತ್ತು ವರ್ಷ ಸಣ್ಣವರು, ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಎರಡು ಸಲ ಓದಿದರು.

"ಇದನ್ನೆಲ್ಲ ಎಂತಕ್ಕೆ ಬರೆಯುವುದು? ಈಗ ಸರಿ ಆಯ್ತಲ್ಲ."

"ಸರಿ ಆದದ್ದು ನಿನ್ನೆ ಸರ್."

"ನಿಮ್ಮ ಮುಂದುವರಿಸುವ ಅರ್ಜಿ ಹೋಗಿರುವುದೂ ಅದೇ ಟೇಬಲಿಗೆ. ಗೊತ್ತುಂಟಲ್ಲ?"

"ಗೊತ್ತುಂಟು."

ಮ್ಯಾನೇಜರರು ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿನ ಕ್ಯಾಲೆಂಡರ್ ನೋಡಿದೆ. ಇದು ಮಾತ್ರ ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ನೆನಪಿರಬಾರದೆಂದು ಬಹಳ ಪ್ರಯತ್ನಿಸಿದ್ದೇನೆ. ಕಡೆಗೆ ಅವರು ಪತ್ರವನ್ನು ವರದಿಗೆ ಪಿನ್ ಮಾಡಿದರು.

ಕದ್ರಿಯಿಂದ ಬೈಗುಳವೇನೂ ಬರಲಿಲ್ಲ. ಎತ್ತರದ ಜಾಗಗಳಿಗೆ ಇನ್ನು ಮುಂದೆ ಇಬ್ಬರು ಹೋಗಬೇಕು ಎಂದು ಒಂದು ಸುತ್ತೋಲೆ ಬಂತು. ಅರ್ಜಿಗೆ ಉತ್ತರವೂ ಬರಲಿಲ್ಲ. ಪತ್ರದಿಂದಾಗಿ ಹೀಗಾಯಿತೋ, ಅಥವಾ ಯಾರನ್ನೂ ಮುಂದುವರಿಸಬಾರದೆಂದು ಮೊದಲೇ ಇತ್ತೋ, ನನಗೆ ಗೊತ್ತಿಲ್ಲ. ಅಣ್ಣ ವಿಚಾರಿಸಲಿಲ್ಲ. ಕೊನೆಯ ದಿನ ಹಾರ ಹಾಕಿಸಿಕೊಂಡರು, ಐಸ್‌ಕ್ರೀಮ್ ತಿಂದರು, ಹೊಸ ಕೋಲ್ಡ್ ರೂಮಿನ ನಕ್ಷೆಯನ್ನು ನನ್ನ ಡ್ರಾಯರಿನಲ್ಲಿ ಇಟ್ಟು ದೋಣಿ ಹತ್ತಿದರು. ಆಮೇಲೆ ಫೋನ್ ಮಾಡಿದಾಗಲೆಲ್ಲ ಹಿಂದಿನಿಂದ ಕಾಗೆ, ಮಕ್ಕಳು, ರೇಡಿಯೋ. "ಎಂತ ಮಾಡ್ತಿದ್ದೀರಿ ಅಣ್ಣ?" "ಬಲೆ. ತೂತು ಎಲ್ಲಿ ಉಂಟು ಅಂತ ಬೆರಳಿಗೇ ಗೊತ್ತಾಗ್ತದೆ, ಕನ್ನಡಕವೂ ಬೇಡ." ಸುಖವಾಗಿದ್ದಾರೆ ಎಂದು ಧ್ವನಿಯಲ್ಲೇ ತಿಳಿಯುತ್ತಿತ್ತು. ಆದರೆ ಪ್ರತಿ ಸಲ ಕೊನೆಗೆ ಒಂದು ಪ್ರಶ್ನೆ ಇರುತ್ತಿತ್ತು: "ಕೋಲ್ಡ್ ರೂಮು ಎಲ್ಲಿಗೆ ಬಂತು?"

ಅದನ್ನು ಹೊರಗಿನ ಏಜೆನ್ಸಿ ಮಾಡಿತು. ಕೆಲಸ ಕೆಟ್ಟದೇನೂ ಅಲ್ಲ. ಎಲ್ಲ ಮುಗಿದು, ಪರಿಶೀಲನೆ ಆಗಿ ಇಬ್ಬರ ಸಹಿ ಆಗಬೇಕಾದಾಗ ಮ್ಯಾನೇಜರರು ನನ್ನನ್ನು ಕರೆದರು. "ಒಂದು ಸಹಿ ನಿಮ್ಮದು. ಇನ್ನೊಂದಕ್ಕೆ ಅವರನ್ನೇ ಬರಲಿಕ್ಕೆ ಹೇಳಿ" ಎಂದರು.

"ಯಾರನ್ನು?"

"ಅಣ್ಣನನ್ನು." ಅವರ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದು ಅದೇ ಮೊದಲು. "ನೋಡದ್ದನ್ನು ನೋಡಲಿಲ್ಲ ಅಂತ ಬರೆದುಕೊಟ್ಟ ಜನ ಈ ಪ್ಲಾಂಟಿನಲ್ಲಿ ಅವರೊಬ್ಬರೇ. ಅವರ ಸಹಿ ಇದ್ದರೆ ನನಗೆ ನಿದ್ದೆ ಬರ್ತದೆ."

ಅಣ್ಣ ಬಂದರು. ಇಸ್ತ್ರಿ ಹಾಕಿದ ಅಂಗಿ, ಸಂದರ್ಶಕರ ಹಳದಿ ಹೆಲ್ಮೆಟ್. ಗೇಟಿನಲ್ಲಿ ಪಾಸಿಗೆ ಹೆಸರು ಬರೆಸುವಾಗ ಸೆಕ್ಯೂರಿಟಿಯವನಿಗೆ ನಾಚಿಕೆಯಾಯಿತು, ಅಣ್ಣನಿಗೆ ಆಗಲಿಲ್ಲ. ಹೊಸ ಕೋಣೆಯನ್ನು ಇನ್ನೂ ತಂಪು ಮಾಡಿರಲಿಲ್ಲ, ಪೇಂಟಿನ ವಾಸನೆ ಇತ್ತು. ತಾನು ಎಳೆಯದ ವಯರುಗಳನ್ನು ಅವರು ಗೋಡೆಯುದ್ದಕ್ಕೂ ಕೈ ಆಡಿಸುತ್ತಾ ನೋಡಿದರು. ಒಂದು ಕಡೆ ನಿಂತು, "ಇಲ್ಲಿ ನಾನಾಗಿದ್ದರೆ ಬಲಕ್ಕೆ ತಿರುಗಿಸ್ತಿದ್ದೆ" ಎಂದರು. ಇನ್ನೊಂದು ಕಡೆ, "ಇದು ನನಗೆ ಹೊಳೆಯುತ್ತಿರಲಿಲ್ಲ, ಲಾಯ್ಕ ಮಾಡಿದ್ದಾರೆ" ಎಂದರು.

ಬೆಳಗಿನಿಂದ ಒಂದೊಂದನ್ನೇ ಕಣ್ಣು ಹೊಡೆಸಿದೆವು. ಈ ಸಲ ನಾನು ಟ್ಯಾಬ್ಲೆಟ್ ಹಿಡಿದು ಅವರ ಜೊತೆಗೇ ತಿರುಗಿದೆ. ಮೇಲಿನ ಎರಡಕ್ಕೆ ನಾನು ಹತ್ತಿದೆ, ಅವರು ಕೆಳಗೆ ನಿಂತರು. ಸಂಜೆ ಮ್ಯಾನೇಜರರು ಬಂದಾಗ ಅಣ್ಣ ಲಿಸ್ಟಿಗೆ ಸಾಲು ಸಾಲಾಗಿ ಸಹಿ ಹಾಕಿ ಮುಗಿಸಿದ್ದರು. ಎರಡು ಚೌಕ ಖಾಲಿ.

"ಇವೆರಡು?"

"ನಾನು ನೋಡಲಿಲ್ಲ ಸರ್. ಮೇಡಂ ಹತ್ತಿದ್ದು."

"ನೀವು ಅಲ್ಲೇ ಇದ್ದಿರಲ್ಲ. ಕೆಳಗೆ."

"ಕೆಳಗೆ ನಿಂತು ಟಿಕ್ ಹಾಕಿದರೆ ಎಂತ ಆಗ್ತದೆ ಅಂತ ಗೊತ್ತುಂಟಲ್ಲ ನಿಮಗೆ" ಎಂದು ಅಣ್ಣ ನಕ್ಕರು. "ಮೇಡಂ ನೋಡಿದ್ದಕ್ಕೆ ಮೇಡಂ ಸಹಿ ಹಾಕ್ತಾರೆ. ನನ್ನದು ಖಾಲಿ ಇರಲಿ. ಇನ್ನೊಬ್ಬರನ್ನು ನಾಳೆ ಹತ್ತಿಸಿ."

ಪೆನ್ನು ನನ್ನ ಕೈಗೆ ಕೊಟ್ಟರು. ಮೊದಲನೆಯದಕ್ಕೆ ಹಾಕಿದೆ. ಎರಡನೆಯದಕ್ಕೆ ಬಂದಾಗ ಕೈ ನಿಂತಿತು. ಅದರ ದೀಪ ಮಿನುಗಿದ್ದನ್ನು ನಾನು ಕಂಡಿದ್ದೆನೇ? ಒತ್ತಿದ್ದು ನೆನಪಿತ್ತು. ಹೊಡೆಯಿತು ಎಂದು ಕೆಳಗೆ ಕೂಗಿದ್ದೂ ನೆನಪಿತ್ತು. ಬೆಳಕು ನೆನಪಿರಲಿಲ್ಲ.

"ಇನ್ನೊಮ್ಮೆ ನೋಡ್ತೇನೆ" ಎಂದೆ.

ಮ್ಯಾನೇಜರರು ಗಡಿಯಾರ ನೋಡಿದರು. "ಅಣ್ಣನ ದೋಣಿ ಹೊರಡುವ ಹೊತ್ತಾಯ್ತಲ್ಲ ಮೇಡಂ."

"ಅದರ ನಂತರದ್ದು ಉಂಟು" ಎಂದರು ಅಣ್ಣ. ಬಂದು ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನಾನು ಹತ್ತಿದೆ.